ಹಿತ್ತಿಲಿಗೆ ಬಂದ ನೀಲಿ ಗಂಗೆ

ದಾಕ್ಷಾಯಣಮ್ಮ ಅಂದು ಬೆಳಿಗ್ಗೆ ಬಟ್ಟೆಗೆ ಹಾಕುವ ನೀಲಿಯನ್ನು ಡಬ್ಬಿ ಸಮೇತ ಒಯ್ದು ಕಕ್ಕಸಿನೊಳಗೆ ಸುರಿದಳು. ಅದರ ಹಿಂದೆಯೇ ನಾಲ್ಕು ಕೊಡ ನೀರನ್ನೂ ಹೊಯ್ದಳು.

ಎಂಟು ದಿನದಿಂದ ಆ ಕಕ್ಕಸು, ಹಬ್ಬದೂಟ ಉಂಡು ಮಲಗಿದ ಬೀಗರ ಹೊಟ್ಟೆಯ ಹಾಗೆ ಗೊಳಗೊಳ ಎನ್ನುತ್ತಿತ್ತು. ಹಿತ್ತಿಲ ಮೂಲೆಯ ನೆಲ ಜೌಗಾಗಿತ್ತು. ಕಕ್ಕಸು ಕಟ್ಟಿದ ಬೀರೂರಿನ ಮೇಸ್ತ್ರಿ ತೀರ್ಥಪ್ಪ, ಮಲದ ತೊಟ್ಟಿಯಿಂದ ಕೊಳವೆಯಲ್ಲಿ ಹೊರಟ ನೀರು ನೆಲದಡಿಯ ಜಲ್ಲಿಯಲ್ಲೇ ಇಂಗಬೇಕು, ಮೇಲೆ ಬರುತ್ತಿದೆಯೆಂದು ಅನುಮಾನವಾದರೆ ಬಣ್ಣ ಹಾಕಿ ನೋಡಿ ಎಂದು ಹೇಳಿ ಹೋಗಿದ್ದ. ಮೂವತ್ತು ಅಡಿ ಕೊಳವೆ ಹೂಳಬೇಕೆಂದೂ ಹೇಳಿದ್ದ. ಗಂಡ ಕಲ್ಲೇಶಪ್ಪ ಹತ್ತಕ್ಕೇ ಸಾಕೆಂದಿದ್ದ. ಊರಿಗೆ ಮಾತ್ರ, ಇದು ಇಂಗ್ಲಿಷ್ ಪದ್ಧತಿ, ಒಳಗೆ ಹೋದದ್ದು ಒಳಗೇ ಮಾಯ ಎಂದು ಸಾರಿದ್ದ. ಸಿಂಗಟಗೆರೆಯಲ್ಲಿ ಇನ್ನೊಂದು ಅಂಥದ್ದನ್ನು ಕಂಡವರಿಲ್ಲವಾದ್ದರಿಂದ ಎಲ್ಲರೂ ನಂಬಿದ್ದರು. ಬಿ.ಡಿ.ಓ. ಸಾಹೇಬರನ್ನು ಕರೆಸಿ ತೋರಿಸಿದ ಮೇಲೆ ಕಲ್ಲೇಶಪ್ಪ ತಾನು ಮಾತ್ರ ಮೊದಲಿನಂತೆ ಹೊಲಕ್ಕೇ ಹೋಗುತ್ತಿದ್ದ. ಅತ್ತೆ ಕಾಶಮ್ಮ ಮಡಿ ಕೆಡುತ್ತದೆಂದು ಆ ಕಡೆ ನೆರಳನ್ನೂ ಸುಳಿಸುತ್ತಿರಲಿಲ್ಲ.

ಉಳಿದವಳು ದಾಕ್ಷಾಯಣಮ್ಮ. ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ಬೇಲಿಯ ಮರೆಗೆ ಹೋಗಲು ಅವಳು ಕತ್ತಲಾಗಲೆಂದು ಕಾದಿದ್ದಳು. ಬಾಯಾರಿದರೂ ನೀರು ಕುಡಿಯದೆ ಹಗಲು ದೂಡಿದ್ದಳು. ಬೇಲಿಯಾಚೆ ಗಂಡಸರ ಕೆಮ್ಮು ಕೇಳಿದರೆ ಅರ್ಧಕ್ಕೇ ಎದ್ದು ಬಂದಿದ್ದಳು. ಈಗ ಎಂಟು ತಿಂಗಳಿಂದ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸುಖ ಕಂಡಿದ್ದಳು. ಆ ಮನೆಯಲ್ಲಿ ತನ್ನದು ಎನ್ನಬಹುದಾದ ಬಾಗಿಲು ಅವಳಿಗೆ ಅದೊಂದೇ.

ಹತ್ತು ಗಂಟೆಯ ಹೊತ್ತಿಗೆ ಹಿತ್ತಿಲಿಂದ ಅತ್ತೆ ಕೂಗಿದಳು. ಊರಿನ ಹುಲ್ಲೆಲ್ಲ ಪೊರಕೆಕಡ್ಡಿಯಾಗಿದ್ದ ಆ ಚೈತ್ರದಲ್ಲಿ ಅಲ್ಲೊಂದು ಚಾಪೆಯಗಲ ಹಚ್ಚಗೆ ಬೆಳೆದಿತ್ತು. ನಡುವೆ ನೀರು ಜಿನುಗುತ್ತಿತ್ತು. ನೀಲಿ ನೀರು. ಸೊಸೆಗೆ ರೋಗ ಗೊತ್ತಾಯಿತು. ಅತ್ತೆ ಕೈಮುಗಿದಳು.

"ನೀಲಕಂಠನ ಜಡೆಯಿಂದ ಇಳಿದವ್ಳೆ ಕಣೇ, ಗಂಗವ್ವ."

ಪಕ್ಕದ ಮನೆಯ ಶಂಕರಮ್ಮ ಗೋಡೆಯ ಮೇಲಿಂದ ಇಣುಕಿದ್ದೇ ಸಾಕಾಯಿತು. ಅರ್ಧ ಗಂಟೆಯಲ್ಲಿ ಹಿತ್ತಿಲು ಮದುವೆಮನೆಯಾಯಿತು. ಜೌಗಿನ ಸುತ್ತ ಅರಿಶಿನ ಕುಂಕುಮ, ನಡುವೆ ಒಂದು ಕುಪ್ಪಸದ ಕಣ. ಕಾಶಮ್ಮ ಮೂರು ಬೊಗಸೆ ನೀರನ್ನು ತಲೆಗೆ ಸುರಿದುಕೊಂಡಳು. ಅವಳ ಬಿಳಿಗೂದಲು ಸುಣ್ಣಕ್ಕೆ ನೀಲಿ ಬೆರೆಸಿ ಬಳಿದ ಗೋಡೆಯಂತಾಯಿತು.

ದಾಕ್ಷಾಯಣಮ್ಮ ಗಂಡನನ್ನು ಅಡಿಗೆಮನೆಗೆ ಎಳೆದು ಇದ್ದದ್ದನ್ನು ಪಿಸುಗುಟ್ಟಿದಳು. ಅವನು ಬೆಚ್ಚಲಿಲ್ಲ.

"ನಂಗೂ ವಾಸನೆ ಬಂತು ಕಣೆ. ಮಾಯ ಆಗ್ತದೆ ಅಂತ ಊರಿಗೆಲ್ಲ ಹೇಳಿದೀನಲ್ಲ, ಈಗ ಯಾವ ಮುಖದಲ್ಲಿ ಹೇಳ್ಲಿ? ಸುಮ್ನಿರು."

ಅಷ್ಟರಲ್ಲಿ ನೀರು ನೋಡುವ ಈರಪ್ಪ ಬಂದ. ಅಜ್ಜಂಪುರದವನು, ಯಾರದೋ ಹೊಲ ನೋಡಲು ಬಂದವನನ್ನು ಜನ ಹೊತ್ತುಕೊಂಡೇ ಬಂದಿದ್ದರು. ಅವನ ಅಂಗೈಯಲ್ಲಿ ಅಡ್ಡ ಮಲಗಿದ್ದ ತೆಂಗಿನಕಾಯಿ, ಸರಿಯಾಗಿ ತೊಟ್ಟಿಯ ಮೇಲೆ ಬಂದಾಗ, ಮಾವನನ್ನು ಕಂಡ ಹೊಸ ಅಳಿಯನಂತೆ ಎದ್ದು ನಿಂತಿತು. ಯಾರೋ ಮೂಗು ಮುಚ್ಚಿಕೊಂಡರು. ಗಂಧಕದ ನೀರು, ಕಜ್ಜಿಗೆ ಒಳ್ಳೆಯದು ಎಂದು ಈರಪ್ಪ ಸಮಾಧಾನ ಹೇಳಿದ. ಊರಬಾವಿ ಅಲ್ಲೇ ತೋಡುವುದೆಂದೂ, ಅಡ್ಡವಿರುವ ಕಕ್ಕಸನ್ನು ಕೆಡವುವುದೆಂದೂ ತೀರ್ಮಾನವಾಯಿತು. ಕಲ್ಲೇಶಪ್ಪ ದಾನಶೂರನಂತೆ ತಲೆದೂಗಿದ. ಪಿಕಾಸಿಗಳು ಬಂದವು.

ದಾಕ್ಷಾಯಣಮ್ಮ ಕಕ್ಕಸಿನ ಬಾಗಿಲ ಬಳಿ ಬಂದು ನಿಂತಳು. ಹೇಳಿದರೆ ಗಂಡನ ಮಾನ ಹೋಗುತ್ತದೆ. ಸುಮ್ಮನಿದ್ದರೆ ಬಾಗಿಲು ಹೋಗುತ್ತದೆ. ಗಂಡನ ಮಾನವನ್ನು ಅವಳು ಹನ್ನೊಂದು ವರ್ಷ ಕಾದಿದ್ದಳು, ಅದಕ್ಕೆ ಚಿಲಕವಿರಲಿಲ್ಲ. ಅವಳು ಇನ್ನೂ ತೂಗುತ್ತಿರುವಾಗಲೇ ಕಾಶಮ್ಮ ಮತ್ತೊಂದು ಬೊಗಸೆ ತುಂಬಿಕೊಂಡು ಬಾಯಿಯ ಬಳಿ ತಂದಳು.

"ಕುಡೀಬೇಡಿ ಅತ್ತೆ. ಅದು ನಮ್ಮ ಕಕ್ಕಸಿನ ನೀರು. ನೀಲಿ ಹಾಕಿದ್ದು ನಾನೇ."

ಪಿಕಾಸಿ ಎತ್ತಿದವನು ಎತ್ತಿದಂತೆಯೇ ನಿಂತ. ಕಾಶಮ್ಮನ ಬೊಗಸೆ ತಾನಾಗಿ ತೆರೆದುಕೊಂಡಿತು. ಎಲ್ಲರೂ ಈರಪ್ಪನ ಕಡೆ ತಿರುಗಿದರು. ಅವನು ಕಾಯಿಯನ್ನು ಚೀಲಕ್ಕೆ ಹಾಕಿಕೊಂಡ.

"ನೀರೈತೆ ಅಂದೆ, ಐತೆ. ಎಲ್ಲಿಂದ ಬಂತು ಅಂತ ಕಾಯಿ ಹೇಳಕಿಲ್ಲ ಕಣ್ರೀ."

ಗಂಡಸರು ಕೈ ತೊಳೆಯಲು ಓಡಿದರು. ಕಲ್ಲೇಶಪ್ಪ, ಕಡೂರಿನಲ್ಲಿ ಕೆಲಸವಿದೆಯೆಂದು ಸಿಕ್ಕ ಬಸ್ಸು ಹತ್ತಿದ. ದಾಕ್ಷಾಯಣಮ್ಮ ಬೈಗುಳ ತಿಂದಳು, ತಲೆ ತಗ್ಗಿಸಿದಳು, ಆದರೆ ಒಳಗೊಳಗೇ ಹಗುರವಾದಳು. ಕಕ್ಕಸಿನ ಗೋಡೆ ನಿಂತಿತ್ತು. ತೀರ್ಥಪ್ಪನನ್ನು ಕರೆಸಿ ಉಳಿದ ಇಪ್ಪತ್ತು ಅಡಿ ಹೂಳಿಸಿದರೆ ಮುಗಿಯಿತು. ಇನ್ನು ಯಾರೂ ಈ ಹಿತ್ತಿಲಿನತ್ತ ಮೂಗು ತೂರಿಸುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಶಂಕರಮ್ಮ, ಕೈಯಲ್ಲಿ ಚೊಂಬು. ಹಿಂದೆ ಅವಳ ಇಬ್ಬರು ಸೊಸೆಯರು, ಅವರ ಹಿಂದೆ ಓಣಿಯ ಹೆಂಗಸರು, ಎಲ್ಲರ ಕೈಯಲ್ಲೂ ಚೊಂಬು.

"ಇಷ್ಟು ದಿನ ಮೈಲಿಗೆ ಅಂತ ದೂರ ಇದ್ವಿ. ಇವತ್ತು ಅದಕ್ಕೇ ಕುಂಕುಮ ಇಟ್ಟು ಕೈಮುಗ್ದಾಯ್ತು. ಇನ್ನೇನು ಉಳೀತು? ಒಂದ್ಗಳಿಗೆ ಬಿಡೇ ತಾಯಿ."

ಒಬ್ಬೊಬ್ಬಳ ಮುಖದಲ್ಲೂ ದಾಕ್ಷಾಯಣಮ್ಮ ತನ್ನ ಹನ್ನೊಂದು ವರ್ಷ ಕಂಡಳು. ಕರೆದುಕೊಂಡು ಹೋದಳು. ಕಕ್ಕಸಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಯಾರೆಂದು ಕೇಳಿದಳು.

"ನಾನು ಕಣೇ," ಎಂದಳು ಕಾಶಮ್ಮ. "ತಲೆ ಮೇಲೇ ಸುರ್ಕೊಂಡಾಯ್ತು, ಇನ್ಯಾವ ಮಡಿ. ಅವಸರ ಮಾಡ್ಬೇಡ, ಇಲ್ಲಿ ತಣ್ಣಗೈತೆ."

ಸಾಲು ಕೊಟ್ಟಿಗೆ ದಾಟಿ ಬೀದಿಗೆ ಬೆಳೆಯಿತು. ಮನೆಯೊಡತಿಯೆಂದು ಮುಂದೆ ನಿಲ್ಲಲು ಹೋದವಳನ್ನು, ನೀನು ದಿನಾ ಹೋಗ್ತೀಯಲ್ಲ ಎಂದು ಹಿಂದಕ್ಕೆ ಕಳಿಸಿದರು. ಒಂದು ತಾಸು ಕಾದಳು. ಕೊನೆಗೆ ತಡೆಯಲಾಗದೆ ಚೊಂಬು ಹಿಡಿದು ಬೇಲಿಯ ಕಡೆ ನಡೆದಳು.

ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಊರಿನ ಹೆಂಗಸರೆಲ್ಲ ಅವಳ ಮನೆಯಲ್ಲಿದ್ದರು.