ರಾಯರ ಬಾಯಿ, ಯಾರದೋ ದನಿ

ನಮ್ಮ ಪಕ್ಕದ ಮನೆಯ ರಾಯರಷ್ಟು ಚೆನ್ನಾಗಿ ಸಾಯುವವರನ್ನು ನಾನು ಇನ್ನೆಲ್ಲೂ ನೋಡಿಲ್ಲ. ಗುಂಡು ತಗುಲಿ, ಕುದುರೆಯಿಂದ ಬಿದ್ದು, ವಿಷ ಕುಡಿದು, ಹೆಪ್ಪುಗಟ್ಟಿದ ನದಿಯ ಮಂಜು ಒಡೆದು ಮುಳುಗಿ, ಹೇಗೆ ಬೇಕೆಂದರೆ ಹಾಗೆ ಸಾಯುತ್ತಿದ್ದರು. ಅದೂ ಕೇಳಿದವರಿಗೆಲ್ಲ, ಬಿಟ್ಟಿಯಾಗಿ!

ನನಗೆ ಇದು ಗೊತ್ತಾದದ್ದು ಇಂಗ್ಲೆಂಡಿನ ಲೆಸ್ಟರಿಗೆ ಬಂದ ಮೊದಲ ವಾರದಲ್ಲೇ. ಯಜಮಾನರು ಆಸ್ಪತ್ರೆಯ ಪಾಳಿ ಕೆಲಸಕ್ಕೆ ಹೋಗಿದ್ದರು. ನಾನು ಆಲೂಗಡ್ಡೆಯ ಚೀಲ ಹೊತ್ತು ಬರುತ್ತೇನೆ, ಪಕ್ಕದ ಮನೆಯ ಮೋಟು ಗೋಡೆಯ ಮೇಲೆ ಆನೆಯಂಥ ಮುದುಕರೊಬ್ಬರು ತಲೆಕೆಳಗಾಗಿ ನೇತಾಡುತ್ತಿದ್ದಾರೆ. ಕಣ್ಣು ತೆರೆದೇ ಇದೆ, ಕೈ ಫುಟ್‌ಪಾತ್ ಮುಟ್ಟುತ್ತಿದೆ. ಪೋಸ್ಟ್‌ಮ್ಯಾನ್ ಎದುರಿಗೆ ಕೈಕಟ್ಟಿ ನಿಂತು ನೋಡುತ್ತಿದ್ದಾನೆ! ಚೀಲ ಕೈಬಿಟ್ಟು ಕಿರುಚಿಕೊಂಡೆ. ಹೆಣ ತಲೆ ಎತ್ತಿತು.

"ಕ್ಷಮಿಸಿ ಮೇಡಂ, ಇನ್ನೊಂದು ನಿಮಿಷ. ಪೂರ್ತಿ ಸತ್ತಿಲ್ಲ" ಎಂದು ಹೇಳಿ ಮತ್ತೆ ನೇತಾಡಿತು.

ಪೋಸ್ಟ್‌ಮ್ಯಾನ್ ಚಪ್ಪಾಳೆ ತಟ್ಟಿದ. ಆಮೇಲೆ ಹೆಣವೇ ಎದ್ದು ಬಂದು, ರಸ್ತೆಗುಂಟ ಉರುಳಿದ್ದ ಆಲೂಗಡ್ಡೆಗಳನ್ನು ಆಯ್ದುಕೊಟ್ಟು ತನ್ನ ಪರಿಚಯ ಹೇಳಿಕೊಂಡಿತು: ಎಸ್ಟೋನಿಯಾ ದೇಶದವರು, ಒಪೆರಾ ಗಾಯಕರು, ಸಿನಿಮಾ ನಟರೂ ಹೌದು. ನಾನು ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಅಂಥದೊಂದು ದೇಶ ನಿಜವಾಗಿಯೂ ಇದೆಯೇ ಎಂದು ಯಜಮಾನರ ಅಟ್ಲಾಸ್ ತೆಗೆದು ನೋಡಿದ್ದು. ಇತ್ತು!

'ರಾಯರು' ಎನ್ನುವುದು ಆಮೇಲೆ ನಮ್ಮಮ್ಮ ಇಟ್ಟ ಹೆಸರು. ಅವರ ನಿಜವಾದ ಹೆಸರಿನಲ್ಲಿ ಸ್ವರಗಳೆಲ್ಲ ಜೋಡಿಜೋಡಿಯಾಗಿ ಬರುತ್ತಿದ್ದವು. ನಮ್ಮ ಬಾಯಲ್ಲಿ ಅದು ಆಕಳಿಕೆಯಂತೆ ಕೇಳುತ್ತಿತ್ತು.

ಯುದ್ಧದ ಕಾಲದಲ್ಲಿ ಊರು ಬಿಟ್ಟು ಬಂದು, ಲೆಸ್ಟರಿನ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದ ಅಕ್ಕ ಒಬ್ಬರು ರಾಯರಿಗಿದ್ದರಂತೆ. ಅತ್ತ ಎಸ್ಟೋನಿಯಾವನ್ನೂ ಒಳಗಿಟ್ಟುಕೊಂಡಿದ್ದ ಸೋವಿಯತ್ ಒಕ್ಕೂಟ ಒಡೆದು ಬಾಗಿಲು ತೆರೆದಾಗ, ಹಾಸಿಗೆ ಹಿಡಿದಿದ್ದ ಅಕ್ಕನನ್ನು ನೋಡಿಕೊಳ್ಳಲು ಇವರು ಬಂದರು. ಅಕ್ಕ ಹೋದರು, ಮನೆ ಉಳಿಯಿತು, ಇವರೂ ಉಳಿದರು. ತಮ್ಮ ಊರಿನ ಒಪೆರಾದಲ್ಲಿ ರಾಜ, ಪುರೋಹಿತ, ಪಿಶಾಚಿ, ನಾಯಕಿಯ ಮುಂಗೋಪಿ ಅಪ್ಪ, ಹೀಗೆ ದಪ್ಪ ದನಿಯ ಪಾತ್ರಗಳೆಲ್ಲ ಅವರವೇ. ಒಪೆರಾ ಎಂದರೆ ನಮ್ಮ ಕಂಪನಿ ನಾಟಕ ಇದ್ದ ಹಾಗೆ, ಆದರೆ ಅಲ್ಲಿ ಮಾತೆಂಬುದು ಹೆಸರಿಗಷ್ಟೆ. ಚೂರಿಯಿಂದ ತಿವಿಸಿಕೊಂಡವನೂ ಕಾಲು ಗಂಟೆ ಹಾಡಿದ ಮೇಲೆಯೇ ಪ್ರಾಣ ಬಿಡಬೇಕು!

ಸಿನಿಮಾದ ಕತೆ ಬೇರೆ. ಎತ್ತರದ ಆಳು, ನೀಲಿ ಕಣ್ಣು, ಚೂಪು ಗದ್ದ. ರಷ್ಯದ ನಿರ್ದೇಶಕರಿಗೆ ಯುದ್ಧದ ಚಿತ್ರಗಳಲ್ಲಿ ಜರ್ಮನ್ ಅಧಿಕಾರಿ ಬೇಕಾದಾಗಲೆಲ್ಲ ಇವರಿಗೆ ಕರೆ ಬರುತ್ತಿತ್ತು. "ಮೊದಲು ನನ್ನ ಬೂಟು, ಆಮೇಲೆ ಮುಖ, ಆಮೇಲೆ ಗುಂಡು. ಬಣ್ಣ ಒಣಗುವುದರೊಳಗೆ ಮುಗಿಸಿಬಿಡುತ್ತಿದ್ದರು" ಎನ್ನುತ್ತಿದ್ದರು. ಸರಿ, ಸಾಯುವ ಮುಂಚೆ ನಾಲ್ಕು ಮಾತಾದರೂ ಇರಬೇಕಲ್ಲ? ಇತ್ತು. ಆದರೆ ಇವರ ರಷ್ಯನ್ ಉಚ್ಚಾರ ಸರಿಯಿಲ್ಲವೆಂದು ಮಾಸ್ಕೋದ ಇನ್ನೊಬ್ಬ ನಟನಿಂದ ಡಬ್ ಮಾಡಿಸಿಬಿಡುತ್ತಿದ್ದರು. ಆತನದೋ ಪೀಚಲು ದನಿ! ಮೊದಲ ಚಿತ್ರ ಬಂದಾಗ ಹೊಸ ಟೋಪಿ ಕೊಡಿಸಿ ತಾಯಿಯನ್ನು ಥಿಯೇಟರಿಗೆ ಕರೆದುಕೊಂಡು ಹೋದರಂತೆ. ಪರದೆಯ ಮೇಲೆ ಮಗ ಬಾಯಿ ತೆರೆದ. ತಾಯಿ ಪಕ್ಕಕ್ಕೆ ತಿರುಗಿ, "ಯಾರೋ ಅವನು, ನಿನ್ನ ಬಾಯೊಳಗೆ ಕೂತು ಮಾತಾಡುತ್ತಿರುವವನು?" ಎಂದು ಕೇಳಿದರಂತೆ.

ಇದನ್ನು ಹೇಳುವಾಗ ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಡಬ್ಬಿಂಗ್ ಎಂದರೆ ಊರಿಗೆ ಊರೇ ಮೆರವಣಿಗೆ ಹೊರಡುವ ನಾಡಿನವಳು ನಾನು! ಕೈಯಲ್ಲಿದ್ದ ಸೌಟು ಎತ್ತಿ ಹಿಡಿದು ಒಂದು ಭಾಷಣವನ್ನೇ ಬಿಗಿದೆ. ನಮ್ಮ ಕಡೆ ಪರಭಾಷೆಯ ಚಿತ್ರಕ್ಕೆ ಕನ್ನಡದ ದನಿ ಕೂರಿಸುವುದಕ್ಕೇ ಬಿಡುವುದಿಲ್ಲ, ಒಬ್ಬರ ಬಾಯಿಗೆ ಇನ್ನೊಬ್ಬರ ಮಾತು ತುರುಕುವ ಅನ್ಯಾಯ ನಮ್ಮಲ್ಲಿ ನಡೆಯದು ಎಂದೆಲ್ಲ ಹೇಳಿದೆ. ನಮ್ಮಲ್ಲೂ ಎಷ್ಟೋ ನಾಯಕಿಯರಿಗೆ ಬೇರೆಯವರೇ ದನಿ ಕೊಡುತ್ತಾರೆಂಬ ವಿಷಯವನ್ನು ಆ ಆವೇಶದಲ್ಲಿ ಹೇಳಲಿಲ್ಲ, ಬಿಡಿ. ರಾಯರು ಎದ್ದು ನಿಂತು, ಸೌಟಿನ ಸಮೇತ ನನ್ನ ಕೈ ಕುಲುಕಿದರು.

"ಎಂಥ ನಾಗರಿಕ ರಾಜ್ಯ! ನಾನು ಅಲ್ಲಿ ಹುಟ್ಟಬೇಕಿತ್ತು."

ಆಮೇಲೆ ಕೂತು ಮೆಲ್ಲಗೆ ಹೇಳಿದ್ದು ಇದು: ಅವರ ಒಪೆರಾ ಹಾಡುಗಳನ್ನು ರೇಡಿಯೋದವರು ಹಿಡಿದಿಟ್ಟಿದ್ದರಂತೆ. ಟೇಪು ಕಡಿಮೆ ಬಿದ್ದ ಕಾಲ, ಯಾರೋ ಅದರ ಮೇಲೆ ಬೇರೇನೋ ತುಂಬಿಬಿಟ್ಟರು. "ನನ್ನ ಮುಖ ಸಿನಿಮಾದಲ್ಲಿದೆ, ದನಿ ಇಲ್ಲ. ದನಿ ಇದ್ದ ಕಡೆ ಮುಖ ಇರಲಿಲ್ಲ, ಈಗ ದನಿಯೂ ಇಲ್ಲ. ಇವೆರಡೂ ಒಟ್ಟಿಗಿರುವ ಒಂದು ತುಣುಕು ಇದ್ದಿದ್ದರೆ ಸಾಕಿತ್ತು. ಒಂದೇ ಹಾಡು." ಅಷ್ಟು ದೊಡ್ಡ ಆಳು ಅಷ್ಟು ಸಣ್ಣದನ್ನು ಬಯಸಿದ್ದು ಕಂಡು ನನಗೆ ಸಂಕಟವಾಯಿತು.

ಹಾಗಂತ ಹಾಡುತ್ತಿದ್ದರೆ? ಊಹೂಂ! ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಯಲ್ಲಿ "ಕೊತ್ತಂಬರಿ ಸೊಪ್ಪು, ಒಂದು ಕಟ್ಟು" ಎಂದು ಇವರು ಕೇಳಿದರೆ ಯಾವುದೋ ಸಾಮ್ರಾಟ ಯುದ್ಧ ಸಾರಿದಂತಿರುತ್ತಿತ್ತು. ಅಂಗಡಿಯವನು ಬೆದರಿ ಪುದೀನವನ್ನೂ ಸೇರಿಸಿ ಕೊಡುತ್ತಿದ್ದ. ಆದರೆ ಹಾಡಿ ಎಂದರೆ ಮಾತ್ರ, "ಕೇಳುವವರಿದ್ದ ಊರಿನಲ್ಲೇ ಅದನ್ನು ಬಿಟ್ಟು ಬಂದೆ" ಎಂದು ವಿಷಯ ಬದಲಿಸುತ್ತಿದ್ದರು.

ಅವರ ಬಾಯಿ ತೆರೆಸಿದವರು ನಮ್ಮಮ್ಮ. ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದರು. ಅಮ್ಮನಿಗೆ ಇಂಗ್ಲಿಷ್ ಬಾರದು, ರಾಯರಿಗೆ ಕನ್ನಡ ಬಾರದು. ಇಬ್ಬರೂ ಬೇಲಿಯ ಆಚೀಚೆ ನಿಂತು ಗಂಟೆಗಟ್ಟಲೆ ಹರಟುತ್ತಿದ್ದರು! ಇವರು ಎಸ್ಟೋನಿಯನ್, ಅವರು ಕನ್ನಡ. ಏನು ಮಾತಾಡಿದಿರಿ ಎಂದು ಕೇಳಿದರೆ ಅಮ್ಮ, "ಪಾಪ ಕಣೇ, ಅವರಕ್ಕಂಗೂ ಮಂಡಿನೋವಿತ್ತಂತೆ" ಎನ್ನುತ್ತಿದ್ದರು. ಹೇಗೆ ತಿಳಿಯಿತೋ ದೇವರೇ ಬಲ್ಲ.

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ರಾಯರು ಬಂದದ್ದು ಒಪೆರಾದಲ್ಲಿ ತೊಡುತ್ತಿದ್ದ, ಹಿಂದೆ ಬಾಲ ಇಳಿಬಿಟ್ಟ ಕೋಟಿನಲ್ಲಿ. ನುಸಿಗುಳಿಗೆಯ ವಾಸನೆಗೆ ಆರತಿ ತಟ್ಟೆಯ ಕರ್ಪೂರವೇ ಸೋತುಹೋಯಿತು! ಇಂಗ್ಲೆಂಡಿನಲ್ಲೇ ಇನ್ನೊಂದು ಊರಿನಲ್ಲಿ ಓದುತ್ತಿದ್ದ ನನ್ನ ತಮ್ಮ ಯಾರದೋ ಕ್ಯಾಮ್‌ಕಾರ್ಡರ್ ಕಡ ತಂದು ಎಲ್ಲರ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಹೆಂಗಸರು ಒಬ್ಬೊಬ್ಬರಾಗಿ ತೊಟ್ಟಿಲು ತೂಗುತ್ತ ಒಂದೊಂದು ಜೋಗುಳ ಹೇಳಿದರು. ಸರದಿ ಮುಗಿದಾಗ ಅಮ್ಮ ತೊಟ್ಟಿಲಿನ ಹಗ್ಗವನ್ನು ನೇರ ರಾಯರ ಕೈಗೆ ಕೊಟ್ಟರು.

"ರಾಯರೇ, ನೀವೂ ಒಂದು ಹೇಳಿ. ಮಗು ಮುಂದೆ ಏನ್ ಸಂಕೋಚ?"

ನಾನು ಅನುವಾದಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. ಹಗ್ಗ ಹಿಡಿದು ಎದೆಯುಬ್ಬಿಸಿದರು. ಆಮೇಲೆ ಹಾಡಿದರು. ಅವರ ತಾಯಿ ಅವರಿಗೆ ಹಾಡುತ್ತಿದ್ದ ಜೋಗುಳ. ಅಷ್ಟು ದಪ್ಪ ದನಿ ಅಷ್ಟು ಮೆತ್ತಗಾಗಬಹುದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಪುಟ್ಟ ಹಾಲ್ ತುಂಬಿತು, ಮಗು ಮಾತ್ರ ಬೆಚ್ಚಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಹಾಡು ಮುಗಿಸಿ ರಾಯರು ಮೊದಲು ನೋಡಿದ್ದು ನನ್ನ ತಮ್ಮನ ಕಡೆಗೆ.

"ಬಂತೇ? ಮುಖ, ದನಿ, ಎರಡೂ?"

"ಎಲ್ಲ ಬಂದಿದೆ ಅಂಕಲ್" ಎಂದ ತಮ್ಮ.

ಅಮ್ಮ ಹೊರಟಾಗ ಟೇಪನ್ನೂ ಕೊಂಡೊಯ್ದರು. ಮೈಸೂರಿನಲ್ಲಿ ನಮ್ಮ ಮನೆಯ ಮದುವೆ ಮುಂಜಿಗಳ ವಿಡಿಯೋಗೆಲ್ಲ 'ಮಿಕ್ಸಿಂಗ್' ಮಾಡಿಕೊಡುವ ಸ್ಟುಡಿಯೋದವನೊಬ್ಬನಿದ್ದ. ಹಾಗೇ ಹಸಿಹಸಿ ವಿಡಿಯೋವನ್ನು ನೆಂಟರಿಗೆ ತೋರಿಸುವುದುಂಟೇ? ಕೆಲವು ತಿಂಗಳಾದ ಮೇಲೆ ಕ್ಯಾಸೆಟ್ ಬಂತು. ರಾಯರು ಟೈ ಕಟ್ಟಿಕೊಂಡು, ಕನ್ನಡಕ ಒರೆಸಿಕೊಂಡು ನಮ್ಮ ಸೋಫಾದ ತುದಿಯಲ್ಲಿ ಕೂತರು. ಪರದೆಯ ತುಂಬ ಗುಲಾಬಿ ಹೂ ಉದುರಿತು, ಹೃದಯದಾಕಾರದ ಚೌಕಟ್ಟಿನೊಳಗಿಂದ ನಮ್ಮತ್ತೆ ಹೊರಬಂದರು. ಕಡೆಗೆ ಬಾಲದ ಕೋಟು ಕಂಡಿತು. ರಾಯರು ಹಗ್ಗ ಹಿಡಿದರು, ಎದೆಯುಬ್ಬಿಸಿ ಬಾಯಿ ತೆರೆದರು.

ಆ ಬಾಯೊಳಗಿಂದ ಬಂದದ್ದು ಸಿನಿಮಾದ ಜೋಗುಳ. ಕನ್ನಡದಲ್ಲಿ. ಇಂಪಾದ ಹೆಣ್ಣು ದನಿಯಲ್ಲಿ!

ನಾನು ಮೈಸೂರಿಗೆ ಫೋನು ಹಚ್ಚಿದೆ. ಸ್ಟುಡಿಯೋದವನಿಗೆ ತಾನೇನು ತಪ್ಪು ಮಾಡಿದೆನೆಂದೇ ತಿಳಿಯಲಿಲ್ಲ. "ಮೇಡಂ, ಎಲ್ಲಾರ್ ಮನೇದೂ ಹಿಂಗೇ ಮಾಡೋದು. ಮಧ್ಯದಲ್ ಯಾರೋ ದಪ್ಪ ದನೀಲಿ ಕೂಗ್ತಿದ್ರು, ಡಿಸ್ಟರ್ಬ್ ಆಗ್ತಿತ್ತು, ತೆಗ್ದು ಒಳ್ಳೇ ಸಾಂಗ್ ಹಾಕ್ದೆ."

"ಒರಿಜಿನಲ್ ಟೇಪ್ ಎಲ್ಲಪ್ಪಾ?"

"ಅದ್ರ ಮೇಲೆ ಆಗ್ಲೇ ಒಂದ್ ರಿಸೆಪ್ಷನ್ ಹೋಯ್ತಲ್ಲ ಮೇಡಂ!"

ಫೋನಿಟ್ಟು ಬಂದೆ. ರಾಯರು ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಹಾಡಿದ ಹೆಣ್ಣುಮಗಳು ಚೆನ್ನಾಗಿ ಹಾಡಿದ್ದಾಳೆ. ಶ್ರುತಿ ಒಂದು ಕೂದಲೆಳೆಯೂ ಅತ್ತಿತ್ತಾಗಿಲ್ಲ" ಎಂದರು. ಟೈ ಸಡಿಲಿಸಿಕೊಂಡು, ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು.

"ನಿಮ್ಮ ರಾಜ್ಯದಲ್ಲಿ ಡಬ್ಬಿಂಗ್ ಇಲ್ಲ ಎಂದಿದ್ದಿರಲ್ಲ?"

ಮತ್ತೆ ಹಾಡಿ, ಮತ್ತೆ ಹಿಡಿಯೋಣ ಎಂದು ಎಷ್ಟು ಅಂಗಲಾಚಿದೆ! "ಒಪೆರಾದಲ್ಲಿ ಎರಡನೆಯ ಟೇಕ್ ಇಲ್ಲ" ಎಂಬುದೊಂದೇ ಉತ್ತರ. ಮಗಳನ್ನು ಅವರ ಬಳಿ ಬಿಟ್ಟು ನಾನು ಲೈಬ್ರರಿಯ ಕೆಲಸಕ್ಕೆ ಹೋಗತೊಡಗಿದ ಮೇಲೆ, ಪ್ರತಿ ಮಧ್ಯಾಹ್ನ ಅವಳನ್ನು ಮಲಗಿಸಲು ಅದೇ ಜೋಗುಳ ಹಾಡುತ್ತಿದ್ದರು. ಕೆಲಸದಿಂದ ಬೇಗ ಬಂದ ದಿನ ಗೋಡೆಯಾಚೆಯಿಂದ ನನಗೂ ಕೇಳುತ್ತಿತ್ತು. ಆದರೆ ಕ್ಯಾಮೆರಾ ಹಿಡಿದು ಹೋದರೆ ಬಾಯಿ ಬಂದ್! ಬರಬರುತ್ತ ಉಬ್ಬಸ ಹೆಚ್ಚಿತು, ಹಾಡು ಗುನುಗಾಯಿತು. ಕಡೆಯ ವರ್ಷ ಮೇಲುಸಿರು ಬಿಡುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಅಷ್ಟೆ.

ನಮಗೆಲ್ಲ ಅಷ್ಟು ಸಲ ಸತ್ತು ತೋರಿಸಿದವರು, ನಿಜವಾಗಿ ಹೋಗುವಾಗ ಯಾರಿಗೂ ತೋರಿಸಲಿಲ್ಲ. ಆಸ್ಪತ್ರೆಯಲ್ಲಿ, ನರ್ಸು ಅತ್ತ ತಿರುಗಿದಾಗ, ಸುಮ್ಮನೆ ಹೋಗಿಬಿಟ್ಟರು. ನಾನು ಓಡಿ ಹೋಗಿ ಮಂಚದ ಪಕ್ಕ ನಿಂತು, ತಲೆ ಎತ್ತಿ "ಇನ್ನೊಂದು ನಿಮಿಷ ಮೇಡಂ" ಎನ್ನುತ್ತಾರೇನೋ ಎಂದು ಕಾದೆ. ನಗಬೇಡಿ, ನಿಜವಾಗಿಯೂ ಕಾದೆ.

ಮಣ್ಣು ಮಾಡಿ ಬಂದ ಮರುದಿನ ಅವರನ್ನು ನೋಡಬೇಕೆನ್ನಿಸಿತು. ಇದ್ದದ್ದು ಅದೊಂದೇ ಕ್ಯಾಸೆಟ್. ಹಾಕಿದೆ. ಗುಲಾಬಿ ಉದುರಿತು, ಅತ್ತೆ ಹೊರಬಂದರು, ರಾಯರು ಬಾಯಿ ತೆರೆದರು, ಆ ಹೆಣ್ಣು ದನಿ ಶುರುವಾಯಿತು. ಶಾಲೆಯ ಯೂನಿಫಾರಮ್ಮಿನಲ್ಲೇ ಬಂದು ನಿಂತ ಮಗಳು ಹುಬ್ಬು ಗಂಟಿಕ್ಕಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲೇ.

"ಅಮ್ಮಾ, ದಟ್ಸ್ ದ ರಾಂಗ್ ಸಾಂಗ್."

"ಗೊತ್ತು ಕಂದ. ಏನ್ಮಾಡೋದು, ಹಾಳಾಗೋಯ್ತು" ಎಂದೆ.

ಅವಳು ರಿಮೋಟ್ ತೆಗೆದುಕೊಂಡು ಟಿವಿಯ ದನಿ ಪೂರ್ತಿ ಇಳಿಸಿದಳು. ಸ್ವಲ್ಪ ಹಿಂದಕ್ಕೆ ಓಡಿಸಿದಳು. ರಾಯರು ಮತ್ತೆ ಹಗ್ಗ ಹಿಡಿದರು, ಎದೆಯುಬ್ಬಿಸಿದರು. ಅವರ ಬಾಯಿ ತೆರೆದುಕೊಂಡಾಗ ಇವಳೂ ತೆರೆದಳು. ಅರ್ಥ ಗೊತ್ತಿಲ್ಲದ ಆ ಎಸ್ಟೋನಿಯನ್ ಜೋಗುಳವನ್ನು, ಒಂದಕ್ಷರ ತಪ್ಪದೆ, ಅವರ ತುಟಿ ನೋಡಿಕೊಂಡು ತನ್ನ ಸಣ್ಣ ದನಿಯಲ್ಲಿ ಹಾಡಿದಳು. ಅವರು ಉಸಿರೆಳೆದುಕೊಂಡಲ್ಲಿ ಇವಳೂ ಎಳೆದುಕೊಂಡಳು. ಅವರ ತುಟಿ ಮುಚ್ಚಿದಾಗ ಇವಳ ಹಾಡೂ ನಿಂತಿತು. ಪರದೆಯ ಮೇಲೆ ರಾಯರು ಕ್ಯಾಮೆರಾದ ಕಡೆ ತಿರುಗಿ, "ಬಂತೇ?" ಎಂದು ಕೇಳುತ್ತಿರುವುದು ತುಟಿಯಲ್ಲೇ ಕಾಣುತ್ತಿತ್ತು.

ಬಂತು ರಾಯರೇ, ಎಲ್ಲ ಬಂತು.

ಡಬ್ಬಿಂಗ್ ಕೂಡದೆಂದು ಸೌಟು ಹಿಡಿದು ಭಾಷಣ ಮಾಡಿದವಳು ನಾನೇ. ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳಿಗೆ ಹೇಳಿದೆ, "ಇನ್ನೊಂದ್ಸಲ ಹಾಕು ಕಂದ."