ಸುಟ್ಟ ಕೋಳಿಗೆ ಹತ್ತರಲ್ಲಿ ಎಷ್ಟು?

ಕೆಲವರನ್ನು ದಾರಿಯಲ್ಲಿ ನಾಯಿ ಹುಡುಕಿಕೊಂಡು ಬರುತ್ತದೆ, ಕೆಲವರನ್ನು ಎಲ್ಲೈಸಿ ಏಜೆಂಟರು. ನನ್ನನ್ನು ಹೋಟೆಲಿನವರು ಹುಡುಕಿಕೊಂಡು ಬರುತ್ತಾರೆ. ಯಾಕೆ ಹೀಗಾಗುತ್ತದೆ ಎಂದು ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಪುತ್ತೂರಿನ ಒಂದು ವಾರಪತ್ರಿಕೆಯಲ್ಲಿ ನಾನು ಅಂಕಣಕಾರ. ಮೊದಲು ಲೋಕದ ಓರೆಕೋರೆಗಳನ್ನು ತಿದ್ದುತ್ತಿದ್ದೆ. ಲೋಕ ಗಮನಿಸಲಿಲ್ಲ. ಒಂದು ದಿನ ಸಂಪಾದಕರು ಕರೆದು, ಪುತ್ತೂರು, ಸುಳ್ಯ, ಕಡಬದಲ್ಲೆಲ್ಲ ಕೆಂಡದಲ್ಲಿ ಕೋಳಿ ಸುಡುವ ಹೋಟೆಲುಗಳು ಎದ್ದಿವೆ, ಅಲ್‌ಫಾಮ್, ಗ್ರಿಲ್, ಬಾರ್ಬೆಕ್ಯೂ ಎಂದು ಬೋರ್ಡು ಬೇರೆ ಬೇರೆ, ಒಳಗಿನ ಕೋಳಿ ಒಂದೇ, ನೀವು ತಿಂದು ನೋಡಿ ಅಂಕ ಕೊಡಿ ಎಂದರು. ತಿನ್ನುವ ಕೆಲಸವಾದ್ದರಿಂದ ತತ್ವದ ಪ್ರಶ್ನೆ ಎತ್ತಲಿಲ್ಲ. ನಕ್ಷತ್ರ ಕೊಡುವುದು ಪೇಟೆಯವರ ಕ್ರಮ, ಹತ್ತರಲ್ಲಿ ಇಷ್ಟು ಅಂತ ಕೊಡೋಣ ಎಂದವನು ನಾನೇ. ತಪ್ಪಾದದ್ದು ಅಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮನೆಯ ಮಗುವಿಗಿಂತ ಮೊದಲು ನೆರೆಮನೆಯವರಿಗೆ ಅಂಕ ಗೊತ್ತಿರುವ ಜಿಲ್ಲೆ ನಮ್ಮದು. ಇಲ್ಲಿ ಪೇಪರಿನಲ್ಲಿ ಅಂಕ ಹಾಕುವ ಮೊದಲು ಯೋಚಿಸಬೇಕಿತ್ತು.

ಇನ್ನೊಂದು ಸಂಗತಿಯನ್ನೂ ಯೋಚಿಸಬೇಕಿತ್ತು. ಕಡಬದಲ್ಲಿ ಆ ತಿಂಗಳೇ ಹೊಸದಾಗಿ ಕೋಳಿ ಸುಡಲು ಕೂತವನು ನನ್ನ ಹೆಂಡತಿಯ ತಮ್ಮ. ಹನ್ನೆರಡು ವರ್ಷ ಗಲ್ಫಿನ ಗೋಡೌನಿನಲ್ಲಿ ದುಡಿದು ಬಂದವನು. ಅಲ್ಲಿ ದಿನಾ ಸುಟ್ಟ ಕೋಳಿ ತಿಂದಿದ್ದನಾದ್ದರಿಂದ ಅನುಭವ ಉಂಟು ಎಂದು ಹೇಳುತ್ತಿದ್ದ. ಮೊಬೈಲ್ ಅಂಗಡಿ ಮಾಡಿ ಬಿಟ್ಟಿದ್ದ, ಗಿಡಗಳ ನರ್ಸರಿ ಮಾಡಿ ಬಿಟ್ಟಿದ್ದ. ಇದೂ ನಿಲ್ಲದಿದ್ದರೆ ವಾಪಸ್ ಗಲ್ಫೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. "ಭಾವ, ನಮ್ಮಲ್ಲಿಗೆ ಯಾವಾಗ ಬರುದು?" ಎಂದು ಅವನು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ನಮ್ಮ ಕಡೆ ಅವನಿಗೆ ನಾನೂ ಭಾವ, ನನಗೆ ಅವನೂ ಭಾವ. ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತಾ ಇದ್ದೇನೆ ಎಂದು ನಾನು ಹೇಳುತ್ತಿದ್ದೆ. ಕಡಬದ ಕ ಮೊದಲು ಬರುತ್ತದೆಂದು ಅವನಿಗೆ ಹೊಳೆಯಲಿಲ್ಲ.

ಎರಡು ಎಲ್ಲಿ ಹೋಯಿತು

ಮೊದಲು ಪುತ್ತೂರಿನ ಒಂದು ಹೋಟೆಲಿಗೆ ಹೋದೆ. ತೆಂಗಿನ ಗೆರಟೆಯ ಕೆಂಡ, ಹದವಾಗಿ ಬೆಂದ ಕೋಳಿ, ಹೊರಗೆ ಗರಿ, ಒಳಗೆ ಮೆತ್ತಗೆ. ಹತ್ತರಲ್ಲಿ ಎಂಟು ಎಂದು ಬರೆದೆ. ಯಾರಾದರೂ ನನಗೆ ಎಂಟು ಕೊಟ್ಟಿದ್ದರೆ ನಾನು ಮೆರವಣಿಗೆ ಮಾಡಿಸಿಕೊಳ್ಳುತ್ತಿದ್ದೆ.

ಪತ್ರಿಕೆ ಬಂದ ಮರುದಿನ ಹೋಟೆಲಿನ ಯಜಮಾನರು ಮನೆಗೇ ಬಂದರು. ಇಸ್ತ್ರಿ ಹಾಕಿದ ಶರ್ಟು, ಕೈಯಲ್ಲಿ ಪತ್ರಿಕೆ. ಮಗಳ ಶಾಲೆಗೆ ಪೋಷಕರ ಸಭೆಗೆ ಹೋಗುವವರ ಮುಖ. ಎಂಟು ಸಿಕ್ಕಿದ್ದಕ್ಕೆ ಸಂತೋಷ ಎಂದರು. ಸಂತೋಷ ಎಲ್ಲೂ ಕಾಣಲಿಲ್ಲ. ಕುಳಿತು, ಚಹಾ ಬೇಡವೆಂದು, ಪತ್ರಿಕೆ ಬಿಡಿಸಿ ಕೇಳಿದರು: "ಎರಡು ಎಲ್ಲಿ ಕಟ್ ಆದದ್ದು?"

ಜೊತೆಗೆ ಕೊಟ್ಟ ಈರುಳ್ಳಿ ಬಾಡಿತ್ತು ಎಂದೆ.

ಅವರು ನನ್ನ ಅಂಕಣದ ಮೇಲೆ ಬೆರಳಾಡಿಸಿ ಹುಡುಕಿದರು. "ಈರುಳ್ಳಿ ಸಿಲೆಬಸ್ಸಿನಲ್ಲಿ ಉಂಟಾ?"

ಇಲ್ಲವೆಂದು ಒಪ್ಪಿಕೊಂಡೆ. ಹಾಗಾದರೆ ಮರುಮೌಲ್ಯಮಾಪನ ಮಾಡಿ ಎಂದರು. ಅದಕ್ಕೆ ನಾನು ಮತ್ತೆ ಬಂದು ತಿನ್ನಬೇಕಾಗುತ್ತದೆ ಎಂದೆ. ಹೋದೆ, ತಿಂದೆ. ಈರುಳ್ಳಿ ತಾಜಾ ಇತ್ತು, ಕೋಳಿ ಒಂದು ಸುತ್ತು ಹೆಚ್ಚು ಬೆಂದಿತ್ತು. ಮರುಮೌಲ್ಯಮಾಪನದಲ್ಲಿ ಏಳಾಯಿತು. ಆ ಮೇಲೆ ಅವರು ಬಸ್ ಸ್ಟಾಂಡಿನಲ್ಲಿ ಸಿಕ್ಕಾಗ, ಮೊದಲಿನ ಎಂಟನ್ನೇ ವಾಪಸ್ ಕೊಡ್ಲಿಕ್ಕೆ ಆಗ್ತದಾ ಎಂದು ಮೆಲ್ಲನೆ ಕೇಳಿದರು.

ಹೋಗುವವರೋ, ಬರುವವರೋ

ನೆಟ್ಟಣದ ರೈಲ್ವೆ ಸ್ಟೇಷನ್ನಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಇನ್ನೊಂದು ಹೋಟೆಲು. ದೇವರ ದರ್ಶನಕ್ಕೆ ಹೋಗುವಾಗ ಮೀನು ಮಾಂಸ ಮುಟ್ಟುವುದಿಲ್ಲ, ಮುಗಿಸಿ ಬರುವಾಗ ಅಡ್ಡಿ ಇಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕ್ರಮ. ಗಿರಾಕಿ ಮರೆತರೂ ತಾನು ಮರೆಯಬಾರದು ಎಂದು ಈ ಹೋಟೆಲಿನವರು ವ್ರತ ಹಿಡಿದಿದ್ದರು. ಮೆನು ಕಾರ್ಡಿಗೆ ಮೊದಲು ಪ್ರಶ್ನೆ ಬರುತ್ತಿತ್ತು. "ಹೋಗುದಾ, ಬರುದಾ?"

ನಾನು ಹೋದಾಗ ಅಂಗಳಕ್ಕೆ ಒಂದು ಕಾರು ಬಂತು. ಸುಬ್ರಹ್ಮಣ್ಯದ ಕಡೆ ಮುಖ ಮಾಡಿ ಬಂದದ್ದು, ಅಂಗಳದಲ್ಲೇ ಒಂದು ಸುತ್ತು ತಿರುಗಿ ನೆಟ್ಟಣದ ಕಡೆ ಮುಖ ಮಾಡಿ ನಿಂತಿತು. ಇಳಿದವರು ನಾವು ಬರುವವರು ಎಂದು ಹೇಳಿ ಒಂದು ಇಡೀ ಕೋಳಿ ಹೇಳಿದರು. ಯಜಮಾನರು ಅವರ ಹಣೆ ನೋಡಿದರು.

"ಗಂಧ ಎಲ್ಲಿ?"

"ಬೆವರಿಗೆ ಹೋಯ್ತು."

"ಪ್ರಸಾದದ ಕಟ್ಟು?"

ಕಾರಿನವರು ಹೆಂಡತಿಯ ಮುಖ ನೋಡಿದರು. ಆಕೆ ಕಿಟಕಿಯಾಚೆ ನೋಡಿದರು. ಐದು ನಿಮಿಷದಲ್ಲಿ ಅವರ ಮುಂದೆ ಗೋಳಿಬಜೆ ಮತ್ತು ಚಹಾ ಬಂತು.

ನನ್ನ ಸರದಿ ಬಂದಾಗ ನಾನು ಸತ್ಯವನ್ನೇ ಹೇಳಿದೆ. ನಾನು ಹೋಗುವವನೂ ಅಲ್ಲ, ಬರುವವನೂ ಅಲ್ಲ, ಇಲ್ಲಿಗೇ ಬಂದವನು. ಯಜಮಾನರು ಗೊಂದಲಕ್ಕೆ ಬಿದ್ದರು. ಅಂಥ ಒಂದು ಜಾತಿಯ ಗಿರಾಕಿಯನ್ನು ಅವರು ಕಂಡಿರಲಿಲ್ಲ. ಯೋಚಿಸಿ ಯೋಚಿಸಿ, "ಇಲ್ಲಿವರೆಗೆ ಬಂದ ಮೇಲೆ ನಿಮಗೆ ಹೋಗುವ ಮನಸ್ಸಾದ್ರೆ?" ಎಂದರು. ನನ್ನ ಮನಸ್ಸಿನ ಬಗ್ಗೆ ಬರೆದುಕೊಡಲು ನನಗೂ ಧೈರ್ಯ ಬರಲಿಲ್ಲ.

ಆ ವಾರದ ಅಂಕಪಟ್ಟಿಯಲ್ಲಿ ಗೋಳಿಬಜೆಗೆ ಒಂಬತ್ತು ಕೊಟ್ಟೆ. ಕೋಳಿಯ ಮುಂದೆ ಗೈರುಹಾಜರು ಎಂದು ಬರೆದೆ.

ಮನೆಯಲ್ಲಿ

ಈ ನಡುವೆ ಹೆಂಡತಿ ಒಂದು ಮಾತೂ ಆಡಿರಲಿಲ್ಲ. ತಮ್ಮನ ಹೋಟೆಲಿಗೆ ಹೋಗಿ ಎಂದೂ ಹೇಳಲಿಲ್ಲ, ಹೋಗಬೇಡಿ ಎಂದೂ ಹೇಳಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟು, ಅವನಿಗೆ ಎಷ್ಟು ಕೊಡಲಿ ಎಂದೆ.

"ನಾನೆಂತ ಹೇಳುದು? ನೀವು ನ್ಯಾಯವಾಗಿ ಬರೀರಿ" ಎಂದಳು.

ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ಹೆದರಿಕೆ ಹುಟ್ಟಿಸುವ ವಾಕ್ಯವನ್ನು ನಾನು ಕೇಳಿರಲಿಲ್ಲ.

ಕಡಿಮೆ ಮಾಡಿ ಮಾರಾಯ್ರೆ

ಸುಳ್ಯದಲ್ಲಿ ಮರ್ಕಂಜದ ಕಡೆಯ ಒಬ್ಬ ಕೃಷಿಕರು ಸಂಜೆ ಮಾತ್ರ ಕೋಳಿ ಸುಡುತ್ತಾರೆ. ದಿನಕ್ಕೆ ಹನ್ನೆರಡು. ಹದಿಮೂರನೆಯದು ಇಲ್ಲ. ಗಾಂಧಾರಿ ಮೆಣಸು ಅರೆದು ಹಚ್ಚಿ, ಅವಸರವಿಲ್ಲದೆ, ಕೆಂಡಕ್ಕೆ ಬೂದಿ ಕವಿದ ಮೇಲೆ ಮಾತ್ರ ಸುಡುವುದು. ನಾನು ತಿಂದ ಮೂರು ತಾಲೂಕುಗಳ ಕೋಳಿಗಳಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಒಂಬತ್ತು ಕೊಡುತ್ತೇನೆ ಎಂದು ಅಲ್ಲೇ ಹೇಳಿಬಿಟ್ಟೆ.

ಅವರು ಒಳಗಿದ್ದ ಹೆಂಡತಿಗೆ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಏನೋ ಹೇಳಿದರು. ಆಕೆ ಹೊರಗೆ ಬಂದು, ಸಾವಿನ ಸುದ್ದಿ ತಂದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಒಂದೆರಡು ಕಡಿಮೆ ಮಾಡಿ ಮಾರಾಯ್ರೆ" ಎಂದರು ಯಜಮಾನರು. ನಾನು ಅದನ್ನು ವಿನಯ ಎಂದುಕೊಂಡು ಒಂಬತ್ತೇ ಹಾಕಿದೆ.

ಅದು ವಿನಯವಾಗಿರಲಿಲ್ಲ. ಪುತ್ತೂರಿನಿಂದ, ಬೆಟ್ಟಂಪಾಡಿಯಿಂದ ಎಲ್ಲ ಕಾರು ಮಾಡಿಕೊಂಡು ಜನ ಬಂದರು. ದಿನಾ ತಿನ್ನುವ ನೆರೆಹೊರೆಯವರಿಗೆ ಕೋಳಿ ಸಿಗಲಿಲ್ಲ. ಅವರು ಮಾತು ಬಿಟ್ಟರು. ಒಬ್ಬರು ಕೊಟ್ಟಿದ್ದ ಮದುವೆ ಕಾಗದವನ್ನೂ ವಾಪಸ್ ಕೇಳಿದರಂತೆ. ಯಜಮಾನರು ಫೋನ್ ಮಾಡಿ, ಈಗ ರುಚಿ ಸ್ವಲ್ಪ ಹಾಳಾಗಿದೆ ಅಂತ ಒಂದು ಸಾಲು ಬರೆಯಿರಿ ಎಂದು ಬೇಡಿಕೊಂಡರು. ತಿನ್ನದೆ ಹೇಗೆ ಬರೆಯುವುದು ಎಂದೆ. ಬನ್ನಿ, ಹಾಳು ಮಾಡಿಯೇ ಇಡುತ್ತೇನೆ ಎಂದರು.

ಹೋದೆ. ನನಗಾಗಿಯೇ ಒಂದು ಕೋಳಿಗೆ ಉಪ್ಪು ಹೆಚ್ಚು ಹಾಕಿ, ಹುಳಿ ಹೆಚ್ಚು ಹಾಕಿ ಸುಟ್ಟಿದ್ದರು. ಎದುರು ನಿಂತು ಆಸೆಯಿಂದ ನನ್ನ ಬಾಯಿಯನ್ನೇ ನೋಡಿದರು. ನಾನು ಜಗಿದೆ. ಬಾಯಿಗೆ ಬಂದದ್ದನ್ನು ಹೇಳದಿರಲು ಬಹಳ ಪ್ರಯತ್ನಪಟ್ಟೆ.

"ಹೇಗುಂಟು?"

"ಒಂಬತ್ತೂವರೆ."

ಅವರು ಬೆಂಚಿನ ಮೇಲೆ ಕುಳಿತುಬಿಟ್ಟರು. "ಕೈಗೆ ಅಭ್ಯಾಸ ಆಗಿ ಹೋಗಿದೆ" ಎಂದರು. "ಎಂತ ಮಾಡುದು?"

ಕಡಬದ ಫಲಿತಾಂಶ

ಇನ್ನು ಮುಂದೂಡಲು ಊರು ಉಳಿಯಲಿಲ್ಲ. ಕಡಬಕ್ಕೆ ಹೋದೆ.

ಭಾವ ಹೊಸ ಏಪ್ರನ್ ಕಟ್ಟಿಕೊಂಡಿದ್ದ. ಬೋರ್ಡು ಚೆನ್ನಾಗಿತ್ತು, ಬೆಂಚು ಚೆನ್ನಾಗಿತ್ತು. ಒಲೆಯ ಮುಂದೆ ಕೂತು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕಿದ. ಬೆಂಕಿ ಭಗ್ಗನೆ ಎದ್ದು ಕೋಳಿಯನ್ನು ಮುಚ್ಚಿತು. ಬೂದಿ ಕವಿಯುವವರೆಗೆ ಕಾಯಬಹುದಿತ್ತಲ್ಲ ಎಂದೆ. "ಜನ ಕಾಯುದಿಲ್ಲ ಭಾವ" ಎಂದ. ಅಂಗಡಿಯಲ್ಲಿ ಜನವೆಂದರೆ ನಾನೊಬ್ಬನೇ.

ಬಂದ ಕೋಳಿ ಹೊರಗೆ ಗೆರಟೆಯ ಹಾಗೆ ಕಪ್ಪು, ಒಳಗೆ ಇನ್ನೂ ಕೆಂಪು. ಬೆಂದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವನು ನನ್ನನ್ನು ನೋಡಿದ ರೀತಿ ನನಗೆ ಪರಿಚಯದ್ದು. ಇವನು ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಗಣಿತದಲ್ಲಿ ಹೋದವನು. ಮೂರನೆಯ ಸಲ ನಾನು ಹೊಸ ಅಳಿಯ. ಉತ್ಸಾಹದಿಂದ ಇಡೀ ಬೇಸಗೆ ಅವನಿಗೆ ಗಣಿತ ಹೇಳಿಕೊಟ್ಟಿದ್ದೆ. ಫಲಿತಾಂಶದ ದಿನವೂ ಹೀಗೆಯೇ ನೋಡಿದ್ದ.

ಬಾಯಿ ಮುಚ್ಚಿ ತಿಂದೆ. ಮನೆಗೆ ಬಂದು ನ್ಯಾಯವಾಗಿ ಬರೆಯಲು ಕುಳಿತೆ. ಪುದೀನ ಚಟ್ನಿಗೆ ಎರಡು. ಕುಬ್ಬೂಸ್ ರೊಟ್ಟಿಗೆ ಒಂದು. ಕೈ ತೊಳೆಯಲು ಬಿಸಿನೀರು ಇಟ್ಟದ್ದಕ್ಕೆ ಒಂದು. ಕೋಳಿಗೆ ಎಂದು ಬರೆದು, ಪೆನ್ನು ಹಿಡಿದು ಅರ್ಧ ಗಂಟೆ ಕುಳಿತೆ. ಏನೂ ಬರಲಿಲ್ಲ. ಹತ್ತರಲ್ಲಿ ನಾಲ್ಕು ಎಂದು ಕಳಿಸಿಬಿಟ್ಟೆ.

ಪತ್ರಿಕೆ ಬಂದ ದಿನ ಹೆಂಡತಿ ಅದನ್ನು ಓದಿ, ಮಡಚಿ, ಮೇಜಿನ ಮೇಲೆ ಇಟ್ಟಳು. ಊಟಕ್ಕೆ ಗಂಜಿ ಇತ್ತು. ಉಪ್ಪಿನಕಾಯಿ ಇರಲಿಲ್ಲ. ಭಾವನ ಫೋನ್ ಸ್ವಿಚ್ ಆಫ್. ಸಂಜೆಯವರೆಗೆ ತಡೆದೆ, ಆಮೇಲೆ ಸ್ಕೂಟರ್ ಹತ್ತಿ ಕಡಬಕ್ಕೆ ಹೊರಟೆ. ದಾರಿಯುದ್ದಕ್ಕೂ ನನಗೆ ಕಂಡದ್ದು ವಿಮಾನ ಹತ್ತುತ್ತಿರುವ ಭಾವನ ಬೆನ್ನು.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಹೊಗೆ ಇಲ್ಲ, ಕೆಂಡ ಇಲ್ಲ. ಬಗ್ಗಿ ಒಳಗೆ ಹೋದೆ. ಒಳಗೆ ಹತ್ತು ಹದಿನೈದು ಜನ. ನಡುವೆ ಭಾವ ಲಾಡಿನ ಪೆಟ್ಟಿಗೆ ಹಿಡಿದು ನಿಂತಿದ್ದ. ಗೋಡೆಗೆ ಪತ್ರಿಕೆಯ ತುಂಡು, ಅದಕ್ಕೆ ಗಾಜಿನ ಕಟ್ಟು, ಕಟ್ಟಿಗೆ ಮಲ್ಲಿಗೆ. ನಾಲ್ಕು ಎಂಬುದರ ಸುತ್ತ ಕೆಂಪು ಶಾಯಿಯ ವೃತ್ತ.

ಅವನು ನನ್ನ ಬಾಯಿಗೆ ಲಾಡು ತುರುಕಿದ. "ಭಾವ, ಪಾಸ್!"

ನನಗೆ ಅರ್ಥವಾಗಲಿಲ್ಲ. ಅವನು ತಾಳ್ಮೆಯಿಂದ ವಿವರಿಸಿದ. ಹತ್ತರಲ್ಲಿ ನಾಲ್ಕು ಎಂದರೆ ನೂರರಲ್ಲಿ ನಲವತ್ತು. ಪಾಸಾಗಲು ಮೂವತ್ತೈದು ಸಾಕು. ಐದು ಹೆಚ್ಚೇ ಉಂಟು. ಪೇಪರಿನಲ್ಲಿ ಅವನ ಫಲಿತಾಂಶ ಪಾಸ್ ಎಂದು ಬಂದದ್ದು ಜೀವಮಾನದಲ್ಲಿ ಇದೇ ಮೊದಲು. ಅವನು ಅಷ್ಟು ಲೆಕ್ಕ ತಪ್ಪಿಲ್ಲದೆ ಮಾಡಿದ್ದನ್ನೂ ನಾನು ಕಂಡದ್ದು ಅದೇ ಮೊದಲು.

ಆದರೆ ಕೋಳಿಗೆ ಒಂದೂ ಸಿಕ್ಕಿಲ್ಲವಲ್ಲ ಎಂದೆ.

"ಆಗ ಗಣಿತದಲ್ಲಿ ಹೋಯ್ತು, ಈಗ ಕೋಳಿಯಲ್ಲಿ ಹೋಯ್ತು. ಆದ್ರೆ ನೀವು ಒಟ್ಟು ಅಂಕ ನೋಡ್ತೀರಲ್ಲ, ಆ ಪರೀಕ್ಷಾ ಬೋರ್ಡಿನವರ ಹಾಗಲ್ಲ."

ಹಾಗಿದ್ದರೆ ಒಲೆ ಯಾಕೆ ಆರಿಸಿದ್ದಿ ಎಂದು ಕೇಳಿದೆ. ಫಲಿತಾಂಶದ ದಿನ ಯಾರಾದರೂ ಪುಸ್ತಕ ತೆಗೆಯುತ್ತಾರಾ ಎಂದ. ನಾಳೆಯಿಂದ ಕೋಳಿಗೆ ಟ್ಯೂಷನ್ನಿಗೆ ಸೇರುತ್ತಾನಂತೆ. ಸುಳ್ಯದ ಒಂಬತ್ತೂವರೆಯವರಿಗೆ ಫೋನ್ ಮಾಡಿದ್ದಾನೆ. ಅವರು ಕಣ್ಣೀರು ಹಾಕುವುದೊಂದು ಬಾಕಿ, ಎಲ್ಲ ಕಲಿಸುತ್ತೇನೆ, ಪುತ್ತೂರಿನ ಜನವನ್ನೆಲ್ಲ ನೀನೇ ಕರೆದುಕೊಂಡು ಹೋಗು ಎಂದಿದ್ದಾರೆ.

ನನ್ನ ಎದೆಯ ಭಾರ ಇಳಿಯಿತು. ಆ ಹಗುರದಲ್ಲಿ ಮಾಡಬಾರದ್ದನ್ನು ಮಾಡಿದೆ. ಸುಳ್ಯದವರೆಗೆ ಯಾಕೆ ಹೋಗುತ್ತಿ, ಮೂರು ತಾಲೂಕಿನ ಕೋಳಿ ತಿಂದವನು ನಾನಿದ್ದೇನಲ್ಲ, ವಾರಕ್ಕೆರಡು ದಿನ ಬಂದು ನಾನೇ ಹೇಳಿಕೊಡುತ್ತೇನೆ ಎಂದೆ.

ಭಾವ ಲಾಡಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ನನ್ನ ಕೈಗಳೆರಡನ್ನೂ ಹಿಡಿದುಕೊಂಡ.

"ಬೇಡ ಭಾವ" ಎಂದ. "ಈ ಸಲ ನೀವು ಹೇಳಿಕೊಡ್ಲಿಲ್ಲ. ಹಾಗಾಗಿ ಪಾಸಾದದ್ದು."