ತಿಂಗಳು ಮುಂಚೆಯೇ ಬಂದಿಳಿದ ಚಳಿ ಸಾಹೇಬರಿಗೆ, ಬ್ರೆಡ್ ಅಂಗಡಿಯಿಂದ

ಮಾನ್ಯ ಚಳಿ ಸಾಹೇಬರೇ,

ಬೀದಿ ಮೂಲೆಯ ಬ್ರೆಡ್ ಅಂಗಡಿಯವನು ತಮಗೆ ಮಾಡುವ ಅನಂತ ನಮಸ್ಕಾರಗಳು. ಎರಡು ಅಂಗಿ, ಅವುಗಳ ಮೇಲೆ ಹೆಂಡತಿಯ ಸ್ವೆಟರು, ಕಿವಿಗೆ ಸ್ನಾನದ ಟವೆಲು, ಕೈಗಳಿಗೆ ಕಾಲುಚೀಲ ತೊಟ್ಟು ಕೈ ಜೋಡಿಸಿದ್ದೇನೆ. ಜೋಡಿಸಿದ್ದು ಗೌರವಕ್ಕೋ ಬೆಚ್ಚಗಾಗಲಿಕ್ಕೋ ಎಂದು ತಾವು ದಯವಿಟ್ಟು ವಿಚಾರಣೆ ನಡೆಸಬಾರದು. ತಾವು ಕ್ಷೇಮದಿಂದಿದ್ದೀರೆಂದು ನನ್ನ ಮೊಣಕಾಲುಗಳು ಬೆಳಗಾದರೆ ವರದಿ ಕೊಡುತ್ತಿವೆ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ಪತ್ರದ ಪದ್ಧತಿ, ಆದ್ದರಿಂದ ಬರೆದಿದ್ದೇನೆ.

ತಾವು ವಿಳಾಸ ತಪ್ಪಿ ಇಲ್ಲಿ ಇಳಿದಿರಬಹುದೆಂಬ ಗುಮಾನಿಯಿಂದ ಮೊದಲು ನಮ್ಮ ಊರಿನ ಬಗ್ಗೆ ನಾಲ್ಕು ಮಾತು. ನಮ್ಮದು ಆರಕ್ಕೇರದ, ಮೂರಕ್ಕಿಳಿಯದ ಹವೆಯ ಊರು. ಇಲ್ಲಿ ಸೆಖೆ ಕೂಡ ಕೇಳಿಕೊಂಡು ಬೆವರಿಳಿಸುತ್ತದೆ. ತಾವಂತೂ ವರ್ಷದ ಕೊನೆಗೆ ಒಮ್ಮೆ ಬಂದು, ಹೊಸ್ತಿಲಾಚೆಯೇ ನಿಂತು, ಯೋಗಕ್ಷೇಮ ವಿಚಾರಿಸಿ, ನಾವು ಬೀರುವಿನಿಂದ ತೆಗೆದ ಸ್ವೆಟರಿನ ನುಸಿಗುಳಿಗೆ ವಾಸನೆ ಹೋಗುವ ಮೊದಲೇ ಹೊರಟುಬಿಡುತ್ತಿದ್ದಿರಿ. ಎಷ್ಟು ಚೆಂದದ ಸಂಬಂಧ ಅದು! ಈ ಸಲ ಒಂದು ತಿಂಗಳು ಮುಂಚೆ, ಒಂದು ಮಾತೂ ಹೇಳಿ ಕಳಿಸದೆ, ಗಂಟುಮೂಟೆ ಸಮೇತ ಬಂದು ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದೀರಿ. ಹೀಗೆ ಬಂದು ಕೂರುವ ಅಧಿಕಾರ ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ನನ್ನ ಹೆಂಡತಿಯ ತಮ್ಮನಿಗೆ ಮಾತ್ರ ಇತ್ತು, ಅವನಾದರೂ ಬರುವಾಗ ಬಾಳೆಹಣ್ಣು ತರುತ್ತಾನೆ.

ತಾವು ಬಂದ ಮೇಲೆ ಊರಿಗೆ ಆಗಿರುವ ಉಪಕಾರಗಳನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ನಮ್ಮ ಮನೆಗಳ ಕಿಟಕಿಗಳು ಗಾಳಿ ಬರಲೆಂದು ಮಾಡಿದವು, ಅವನ್ನು ಮುಚ್ಚಬಹುದು ಎಂಬುದೇ ನಮಗೆ ಗೊತ್ತಿರಲಿಲ್ಲ. ತಮ್ಮ ಕೃಪೆಯಿಂದ ಇಡೀ ಬೀದಿ ಸುತ್ತಿಗೆ ಹಿಡಿದು ಬಣ್ಣ ಕಚ್ಚಿಕೊಂಡ ಕದಗಳನ್ನು ಬಡಿಯುತ್ತಿದೆ. ಒಳಗೆ ಕಾಲಿಟ್ಟ ಕೂಡಲೇ ಫ್ಯಾನಿನ ಸ್ವಿಚ್ಚು ಒತ್ತುವುದು ನಮ್ಮ ಊರಿನವರ ಕೈಗೆ ಹುಟ್ಟಿನಿಂದ ಬಂದ ಚಾಳಿ, ಹೀಗಾಗಿ ದಿನಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ಒಟ್ಟಾಗಿ "ಅಯ್ಯೋ!" ಎಂದು ಕೂಗುವ ಐಕಮತ್ಯ ಮೂಡಿದೆ. ಎದುರುಮನೆಯ ದರ್ಜಿಗೆ ಉಣ್ಣೆ ಹೊಲಿದು ಗೊತ್ತಿಲ್ಲ, ಆದರೂ ಬೀದಿಯ ಪರದೆಗಳನ್ನೆಲ್ಲ ಕೋಟುಗಳಾಗಿ ಪರಿವರ್ತಿಸಿದ್ದಾನೆ, ಈಗ ಯಾರ ಮನೆಯ ಪರದೆ ಯಾರ ಬೆನ್ನ ಮೇಲೆ ನಡೆದು ಹೋಗುತ್ತಿದೆಯೆಂದು ಗುರುತು ಹಿಡಿಯುವುದೇ ನಮಗೊಂದು ಮನರಂಜನೆ. ಇನ್ನು ಸ್ನಾನದ ವಿಷಯ. ಅದನ್ನು ಯಾರೂ ಯಾರನ್ನೂ ಕೇಳದಿರುವ ಸಭ್ಯತೆ ಊರಿಗೆ ಬಂದಿದೆ.

ಇಷ್ಟಕ್ಕೇ ತಾವು ನಿಲ್ಲಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಾವು ನನ್ನ ಹಿಟ್ಟಿಗೆ ಕೈ ಹಾಕಿದಿರಿ.

ಮಾನ್ಯರೇ, ನಮ್ಮದು ಪುಡಿ ಯೀಸ್ಟಿನ ಬ್ರೆಡ್ಡಲ್ಲ. ಹಾಲಿಗೆ ಹೆಪ್ಪು ಹಾಕುವ ಹಾಗೆ ನಾವು ಹೊಸ ಹಿಟ್ಟಿಗೆ ಹಳೆಯ ಹುಳಿಹಿಟ್ಟು ಸೇರಿಸಿ ನಾದುತ್ತೇವೆ, ಸಂಜೆ ಮರಿಗೆಯಲ್ಲಿಟ್ಟು ಬಟ್ಟೆ ಮುಚ್ಚುತ್ತೇವೆ, ಬೆಳಿಗ್ಗೆ ಅದು ತುಂಬಿ ತುಳುಕುತ್ತಿರುತ್ತದೆ, ಭಟ್ಟಿಗೆ ಹಾಕುತ್ತೇವೆ. ಅಪ್ಪ ಕಲಿಸಿದ ವಿದ್ಯೆ ಇಷ್ಟೇ. ಹವೆ ನೋಡಿ ಹೊತ್ತು ಹೆಚ್ಚುಕಮ್ಮಿ ಮಾಡಬೇಕೆಂದು ಅವರು ಹೇಳಿಕೊಡಲಿಲ್ಲ, ಯಾಕೆಂದರೆ ನಮ್ಮ ಊರಿನಲ್ಲಿ ನೋಡುವಂಥ ಹವೆಯೇ ಇರಲಿಲ್ಲ. ತಾವು ಬಂದ ಮರುದಿನ ಬಟ್ಟೆ ಸರಿಸಿದರೆ ಹಿಟ್ಟು ಮಲಗಿಸಿದಲ್ಲೇ ಮಲಗಿತ್ತು. ಅದೃಷ್ಟದ ಮೇಲೆ ಭಾರ ಹಾಕಿ ಸುಟ್ಟೆ. ನಮ್ಮ ಹಳೆಯ ಗಿರಾಕಿ, ನಿವೃತ್ತ ಹೆಡ್‌ಮಾಸ್ತರರು, ಒಂದನ್ನು ಕೊಂಡುಹೋಗಿ ಸಂಜೆ ಬಂದು, "ಬಹಳ ಗಟ್ಟಿಮುಟ್ಟಾಗಿದೆ ಕಣಯ್ಯ, ಕಪಾಟಿನ ಕಾಲು ಅಲ್ಲಾಡ್ತಿತ್ತು, ಅದರ ಕೆಳಗೆ ಕೊಟ್ಟಿದ್ದೀನಿ" ಎಂದು ಮನಸಾರೆ ಹೊಗಳಿ ಹೋದರು. ಅಪ್ಪನ ಕಾಲದಿಂದ ಬರುವವರು, ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆ ಹುಳಿಹಿಟ್ಟು ಮಹಡಿಯ ಮೇಲೆ ಅಮ್ಮನ ಕೋಣೆಯಲ್ಲಿ, ಒಂದು ಪಿಂಗಾಣಿ ಭರಣಿಯಲ್ಲಿ ಇರುತ್ತದೆ. ಅದು ಅಪ್ಪನಿಗೆ ಅವರ ಅಜ್ಜಿಯಿಂದ ಬಂದದ್ದು. ಹಾಗೆಂದು ಅಪ್ಪ ಬದುಕಿರುವ ತನಕ ಕೌಂಟರಿನಲ್ಲಿ ನಿಂತು ಪ್ರತಿ ಗಿರಾಕಿಗೂ ಹೇಳಿದ್ದಾರೆ, ಅಂಗಡಿಯ ಬೋರ್ಡಿನ ಮೇಲೂ ಬರೆಸಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಂಗಡಿಗೆ ಇಳಿದು ಬರುವುದನ್ನೇ ಬಿಟ್ಟರು. ಭಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಅರ್ಧ ಊರಿನ ಸಮಾಚಾರ ವಿಲೇವಾರಿ ಮಾಡುತ್ತಿದ್ದವರು ಕೋಣೆ ಸೇರಿದರು. ದಿನಾ ಬೆಳಿಗ್ಗೆ ಎದ್ದು ಆ ಭರಣಿಗೆ ಒಂದು ಹಿಡಿ ಹಿಟ್ಟು, ಒಂದಿಷ್ಟು ನೀರು ಉಣಿಸಿ, ಮರದ ಚಮಚದಿಂದ ಕಲಕಿ, ಮುಚ್ಚಳ ಹಾಕುವುದು, ಅವರು ಉಳಿಸಿಕೊಂಡ ಕೆಲಸ ಅದೊಂದೇ. ಬಾ ಅಮ್ಮ ಎಂದು ನಾನು ಕರೆದದ್ದುಂಟು, ಸೊಸೆ ಕರೆದದ್ದುಂಟು. "ಅಲ್ಲಿ ನನಗೇನು ಕೆಲಸ?" ಎನ್ನುತ್ತಿದ್ದರು.

ತಾವು ಬಂದ ಮೇಲೆ ಭರಣಿಯಲ್ಲಿ ಗುಳ್ಳೆ ಏಳುವುದು ನಿಂತಿತು. ನಮ್ಮ ಮನೆಯಲ್ಲಿ ರಗ್ಗು ಎನ್ನಿಸಿಕೊಳ್ಳುವ ಯೋಗ್ಯತೆ ಇರುವುದು ಒಂದೇ, ಅದನ್ನು ಅಮ್ಮನಿಗೆ ಹೊದಿಸಿದ್ದೆವು. ಅಮ್ಮ ಅದನ್ನು ತೆಗೆದು ಭರಣಿಗೆ ಹೊದಿಸಿ, ಬರೀ ಹತ್ತಿಯ ದುಪ್ಪಟಿ ಹೊದ್ದು ಮುದುಡಿದರು. ಅವರು ಮಗ್ಗುಲಾದಾಗ ನನ್ನ ಹೆಂಡತಿ ಮೆಲ್ಲಗೆ ರಗ್ಗನ್ನು ಭರಣಿಯಿಂದ ಅತ್ತೆಗೆ ವರ್ಗಾಯಿಸುವುದು, ಅತ್ತೆ ಕಣ್ಣುಬಿಟ್ಟ ಕೂಡಲೇ ಅದನ್ನು ಭರಣಿಗೆ ವರ್ಗಾಯಿಸುವುದು, ಹೀಗೆ ಆ ರಗ್ಗು ಯಾವ ಸರ್ಕಾರಿ ನೌಕರನೂ ಕಾಣದಷ್ಟು ವರ್ಗಾವಣೆ ಕಂಡಿತು. "ನನಗೇನೂ ಚಳಿ ಇಲ್ಲಮ್ಮ, ಅದಕ್ಕೆ ಚಳಿ" ಎಂದು ಅಮ್ಮ ಹೇಳಿ ಮುಗಿಸುವಷ್ಟರಲ್ಲಿ ಸೀನು ಬರುತ್ತಿತ್ತು. ನನಗೆ ಹಿಟ್ಟಿನ ಭಯ ಒಂದು ಕಡೆ, ಅಮ್ಮನ ಎದೆಯ ಕಫದ ಭಯ ಇನ್ನೊಂದು ಕಡೆ. ಹಿಟ್ಟು ಸತ್ತರೆ ಅಮ್ಮನಿಗೆ ಬೆಳಿಗ್ಗೆ ಏಳಲಿಕ್ಕೆ ಕಾರಣವೇ ಇರುವುದಿಲ್ಲ ಎಂಬ ಭಯ ಈ ಎರಡಕ್ಕಿಂತ ದೊಡ್ಡದು.

ಮುಂದಿನದ್ದನ್ನು ತಾವು ಕಣ್ಣಾರೆ ಕಂಡಿದ್ದೀರಿ, ಆದರೂ ದೂರು ಎಂದ ಮೇಲೆ ಬರೆಯಬೇಕು. ಒಂದು ಮಧ್ಯಾಹ್ನ ಅಮ್ಮ ಬಿಸಿಲು ಕಾಯಲು ತಾರಸಿಗೆ ಹೋಗಿದ್ದರು. ನಾನು ಯಾರಿಗೂ ಹೇಳದೆ, ಭಟ್ಟಿಯಲ್ಲಿ ಚೆನ್ನಾಗಿ ಕಾದ ಕಬ್ಬಿಣದ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಭರಣಿಯ ಅಡಿಗೆ ಇಟ್ಟು ಬಂದೆ. ನನ್ನ ಹೆಂಡತಿ ಯಾರಿಗೂ ಹೇಳದೆ, ಬಿಸಿನೀರಿನ ಚೀಲವನ್ನು ರಗ್ಗಿನ ಮಡಿಕೆಯೊಳಗೆ ತೂರಿಸಿ ಬಂದಳು. ವಿದ್ಯುತ್ ಸಾಮಾನು ರಿಪೇರಿ ಮಾಡುವ ನನ್ನ ಭಾವಮೈದುನ, ಅದೇ ಬಾಳೆಹಣ್ಣಿನವನು, ಯಾರಿಗೂ ಹೇಳದೆ, ತನ್ನ ಅಂಗಡಿಯಲ್ಲಿದ್ದುದರಲ್ಲೇ ದೊಡ್ಡ ಬಲ್ಬೊಂದನ್ನು ಬುಟ್ಟಿಗೆ ಕಟ್ಟಿ, ಬುಟ್ಟಿಯನ್ನು ಎಲ್ಲದರ ಮೇಲೆ ಬೋರಲು ಹಾಕಿ ಬಂದ. ಚಳಿಯನ್ನೇ ಕಾಣದವರು ಬೆಚ್ಚಗೆ ಮಾಡಲು ಹೊರಟರೆ ಹೀಗೆಯೇ ಆಗುತ್ತದೆ, ಎಷ್ಟಕ್ಕೆ ನಿಲ್ಲಿಸಬೇಕೆಂದು ನಮಗೆ ಯಾರು ಹೇಳಿದ್ದರು? ಅತಿಯಾದರೆ ಅಮೃತವೂ ವಿಷ. ನಾವು ಮೂವರು ಸೇರಿ, ಒಬ್ಬರಿಗೊಬ್ಬರು ತಿಳಿಸದೆ, ಅಮ್ಮನ ಮಂಚದ ಪಕ್ಕದಲ್ಲಿ ಎರಡನೆಯ ಭಟ್ಟಿಯೊಂದನ್ನು ಸ್ಥಾಪಿಸಿದ್ದೆವು.

ತಾರಸಿಯಿಂದ ಇಳಿಯುತ್ತಿದ್ದ ಅಮ್ಮ ಮೆಟ್ಟಿಲ ಮೇಲೆಯೇ ನಿಂತು ಮೂಗರಳಿಸಿ, "ಯಾರೋ ಅದು, ನನ್ನ ರೂಮಲ್ಲಿ ಬ್ರೆಡ್ ಸುಡ್ತಿರೋದು?" ಎಂದಾಗ ನಾವು ಮೂವರೂ ಒಟ್ಟಿಗೆ ಕೋಣೆಗೆ ಓಡಿದೆವು. ಮುಚ್ಚಳ ತೆಗೆದರೆ ಭರಣಿಯ ಆಕಾರದ್ದೇ ಒಂದು ಬನ್ನು, ಹೊಂಬಣ್ಣಕ್ಕೆ ತಿರುಗಿ, ನಮ್ಮ ಅಂಗಡಿಯಲ್ಲಿ ಆ ವಾರ ಬೇರೆ ಯಾವುದೂ ಬೇಯದಷ್ಟು ಹದವಾಗಿ ಬೆಂದಿತ್ತು. ಹಿಂದಿನ ಸಂಜೆ ಕಲಸಿದ ಹಿಟ್ಟನ್ನೆಲ್ಲ ಆಗಲೇ ಸುಟ್ಟು ಮುಗಿಸಿದ್ದೆ, ಮುಂದಕ್ಕೆ ಬೇಕಾದ ಹುಳಿ ಇದ್ದದ್ದು ಆ ಭರಣಿಯಲ್ಲಿ ಮಾತ್ರ. ನಾವು ಮೂವರೂ ತಲೆ ತಗ್ಗಿಸಿ ನಿಂತೆವು. ಅಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಅಗಿದು, "ಉಪ್ಪಿಲ್ಲ" ಎಂದರು. ಆಮೇಲೆ ಮಂಚದ ಮೇಲೆ ಕೂತು ನಗತೊಡಗಿದರು.

ನಕ್ಕು ಸುಧಾರಿಸಿಕೊಂಡು ಅವರು ಹೇಳಿದ್ದು ಇದು. ನೆಂಟರ ಮನೆಗೆ ಹೋಗಿ ಉಣಿಸುವುದನ್ನು ಮರೆತು ಒಮ್ಮೆ, ಭಟ್ಟಿಯ ಮೇಲಿಟ್ಟು ನಿದ್ದೆ ಹೋಗಿ ಒಮ್ಮೆ, ಸೋಪಿನ ನೀರನ್ನು ಬರೀ ನೀರೆಂದು ಸುರಿದು ಒಮ್ಮೆ, ಹೀಗೆ ಅಪ್ಪ ಆ ಮುತ್ತಜ್ಜಿಯ ಕಾಲದ ಹಿಟ್ಟನ್ನು ಹಲವಾರು ಸಲ ಕೊಂದಿದ್ದರಂತೆ. ಪ್ರತಿ ಸಲವೂ ಅಮ್ಮ ಸದ್ದಿಲ್ಲದೆ ಹೊಸದು ಕಲಸಿ, ಅದು ಹುಳಿ ಬರುವ ತನಕ ಏನೇನೋ ನೆಪ ಹೇಳಿ, ಭರಣಿಯನ್ನು ಇದ್ದ ಜಾಗದಲ್ಲೇ ಇಟ್ಟುಬಿಡುತ್ತಿದ್ದರಂತೆ. ಅಪ್ಪನಿಗೆ ಕೊನೆಗೂ ಗೊತ್ತಾಗಲಿಲ್ಲ. "ಹೇಳಿದ್ರೆ ಮುಖ ಇಷ್ಟುದ್ದ ಮಾಡ್ಕೊಂಡು ಅಂಗಡೀನೇ ಮುಚ್ಚಿಬಿಡೋರು" ಎಂದರು ಅಮ್ಮ. ಹಾಗಾದರೆ ಇಷ್ಟು ದಿನ ರಗ್ಗು ಹೊದಿಸಿ ಕಾದದ್ದು ಯಾಕೆ ಎಂದು ನಾನು ಕೇಳಿಬಿಟ್ಟೆ. ಅಮ್ಮನ ನಗು ನಿಂತಿತು. "ಇದೊಂದನ್ನ ಮಾತ್ರ ಅವರು ಸಾಯಿಸದೆ ಬಿಟ್ಟುಹೋಗಿದ್ರು ಕಣೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹೇಬರೇ, ಆ ಹೊತ್ತಿನಲ್ಲಿ ತಾವು ನನ್ನ ಕೈಗೆ ಸಿಕ್ಕಿದ್ದರೆ ಈ ಪತ್ರದ ಭಾಷೆ ಬೇರೆಯಾಗಿರುತ್ತಿತ್ತು.

ಮರುದಿನ ಅಮ್ಮ ಭರಣಿ ತೊಳೆದರು, ಹೊಸದಾಗಿ ಹಿಟ್ಟು ನೀರು ಕಲಸಿದರು. ಎಳೆಯ ಹಿಟ್ಟಿಗೆ ಹದವಾದ ಶಾಖ ಬೇಕು, ನಮ್ಮ ಮೂವರ ಕೈಗೆ ಅದನ್ನು ಕೊಡುವಷ್ಟು ಧೈರ್ಯ ಅವರಿಗೆ ಈ ಜನ್ಮದಲ್ಲಿ ಬರುವುದಿಲ್ಲ. ತಾವು ಕೃಪೆಯಿಟ್ಟು ಬಿಟ್ಟಿರುವ ಬೆಚ್ಚನೆಯ ಜಾಗ ಇಡೀ ಮನೆಯಲ್ಲಿ ಒಂದೇ, ಭಟ್ಟಿಯ ಪಕ್ಕದ ಸ್ಟೂಲು. ಹಾಗಾಗಿ ಅಮ್ಮ ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅಪ್ಪ ಹೋದ ಮೇಲೆ ಮೊದಲನೆಯ ಸಲ, ಒಂದೊಂದೇ ಮೆಟ್ಟಿಲು ಇಳಿದು ಅಂಗಡಿಗೆ ಬಂದರು. ನಾನು ಏನೂ ವಿಶೇಷವಿಲ್ಲದವನಂತೆ ತಟ್ಟೆ ಒರೆಸುತ್ತ ನಿಂತಿದ್ದೆ. ಒರೆಸಿದ ತಟ್ಟೆಯನ್ನೇ ಒರೆಸುತ್ತಿದ್ದೇನೆಂದು ಅವರೇ ಹೇಳಬೇಕಾಯಿತು.

ಅಂದಿನಿಂದ ಅವರು ತೊಡೆಯ ಮೇಲೆ ಭರಣಿ, ಮೊಣಕಾಲ ಮೇಲೆ ರಗ್ಗು ಇಟ್ಟುಕೊಂಡು ಅಲ್ಲೇ ಕೂರುತ್ತಾರೆ. ಸದ್ಯಕ್ಕೆ ನಾನು ಪುಡಿ ಯೀಸ್ಟಿನಲ್ಲಿ ಮಾಡುತ್ತಿರುವ ಬ್ರೆಡ್ಡನ್ನು ನೋಡಿ ಮುಖ ತಿರುಗಿಸುತ್ತಾರೆ. ನಾದುವಾಗ ನನ್ನ ಮೊಣಕೈ ಸರಿಯಿಲ್ಲ ಎನ್ನುತ್ತಾರೆ. ಬ್ರೆಡ್ ಕೊಳ್ಳದೆ ಬರೀ ಭಟ್ಟಿಯ ಮುಂದೆ ಕೈ ಕಾಯಿಸಿಕೊಳ್ಳಲು ನಿಂತವರನ್ನು ಅವರವರ ಮನೆತನದ ಇತಿಹಾಸ ಸಮೇತ ವಿಚಾರಿಸಿಕೊಳ್ಳುತ್ತಾರೆ, ಹೆಡ್‌ಮಾಸ್ತರರು ಕೂಡ ಈಗ ಎರಡು ಬನ್ನು ಕೊಂಡ ಮೇಲೆಯೇ ಕೈ ಚಾಚುವುದು. ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಗೊತ್ತಿರಲಿಲ್ಲ.

ಆದ್ದರಿಂದ, ಮಾನ್ಯರೇ, ತಾವು ಇಂದೇ ಜಾಗ ಖಾಲಿ ಮಾಡಬೇಕೆಂದು ಬರೆಯಲು ಕೂತವನು ಈಗ ಇಕ್ಕಟ್ಟಿಗೆ ಸಿಕ್ಕಿದ್ದೇನೆ. ತಾವು ಹೋದರೆ ಮಹಡಿ ಬೆಚ್ಚಗಾಗುತ್ತದೆ, ಹಿಟ್ಟು ಉಬ್ಬುತ್ತದೆ, ಅಮ್ಮ ಭರಣಿ ಎತ್ತಿಕೊಂಡು ಮತ್ತೆ ಕೋಣೆ ಸೇರುತ್ತಾರೆ ಎಂಬ ಹೆದರಿಕೆ ನನಗೆ. ಹೀಗಾಗಿ ನನ್ನ ಕೋರಿಕೆಗಳನ್ನು ತಿದ್ದಿ ಸಲ್ಲಿಸುತ್ತಿದ್ದೇನೆ: ತಾವು ಇರಬೇಕು, ಆದರೆ ಅಮ್ಮನ ಮೊಣಕಾಲು, ಎದೆ, ಬೆರಳ ಗಂಟುಗಳ ತಂಟೆಗೆ ಹೋಗಕೂಡದು, ಹಿಟ್ಟು ಉಬ್ಬಲಿಕ್ಕೆ ಬಿಡಬೇಕು, ಆದರೆ ತೀರಾ ಬೇಗ ಬಿಡಕೂಡದು, ಕೊನೆಗೆ ಹೋಗುವಾಗ ದಿನಕ್ಕಿಷ್ಟಿಷ್ಟೇ, ಅಮ್ಮನಿಗೆ ಗೊತ್ತಾಗದ ಹಾಗೆ ಹೋಗಬೇಕು, ಅಷ್ಟರಲ್ಲಿ ಆ ಸ್ಟೂಲು ಅವರಿಗೆ ಮತ್ತೆ ರೂಢಿಯಾಗಲಿ. ಇಷ್ಟೆಲ್ಲ ತಮ್ಮಿಂದ ಆಗುತ್ತದೋ ಇಲ್ಲವೋ ತಿಳಿಯದು. ತಿಂಗಳು ಮುಂಚೆ ಬರಲು ಆಗುವವರಿಗೆ ಇದೇನು ಮಹಾ ಎಂಬ ಧೈರ್ಯದಿಂದ ಕೇಳಿದ್ದೇನೆ.

ಅಕ್ಷರಗಳು ನಡುಗಿರುವುದು ತಮ್ಮಿಂದಲೇ ಆದ್ದರಿಂದ ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಇಂತಿ,
ತಮ್ಮ ವಿಶ್ವಾಸಿ,
ಮೂಲೆ ಬ್ರೆಡ್ ಅಂಗಡಿಯವನು

ತಾ.ಕ.: ಈ ಕೆಳಗಿನದ್ದು ಅಮ್ಮ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಬರೆದದ್ದು, ತಿದ್ದದೆ ಕಳಿಸುತ್ತಿದ್ದೇನೆ.

"ನೋಡಪ್ಪಾ ಚಳಿ, ಇವನು ಬರೆದಿರೋದನ್ನೆಲ್ಲ ನಂಬಿಕೊಂಡು ಇಲ್ಲೇ ಕೂತ್ಕೋಬೇಡ. ಹಿಟ್ಟು ಮೊನ್ನೆಯೇ ಉಬ್ಬಿದೆ. ನಾನೇ ಯಾರಿಗೂ ಹೇಳಿಲ್ಲ. ಕೆಳಗೆ ಕೂತಿರೋಕೆ ನಿನ್ನ ನೆಪ ನನಗಿನ್ನು ಬೇಕಾಗಿಲ್ಲ, ನೀನು ಹೊರಡು. ಹೋಗ್ತಾ ಬಾಗಿಲು ಎಳ್ಕೊಂಡು ಹೋಗು, ಗಾಳಿ ಬರುತ್ತೆ."